ಹೆಂಗಸರ ಸಾಲಿಗೆ ಬಾರದ ಸಮಾಧಾನ

ಕಂಪ್ಲಿ
ಜೂನ್ 12

ಅಕ್ಕಾ, ಸ್ತೋತ್ರ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಸೋತೆ. ಹನ್ನೊಂದು ಓಟಿನಲ್ಲಿ ಸೋತೆ. ನೂರು ಓಟಿನಲ್ಲಿ ಸೋತಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಹನ್ನೊಂದು ಎಂದರೆ ಮುಖ ಗೊತ್ತಿರುವ ಮಂದಿ. ಹಾಲು ತರಲು ಹೋದರೆ ಎದುರಾಗುತ್ತಾರೆ, ರವಿಕೆಗೆ ಅಳತೆ ಕೊಡಲು ಬರುತ್ತಾರೆ. ಒಬ್ಬೊಬ್ಬರ ಮುಖ ನೋಡಿ ‘ನೀನಾ? ನೀನಾ?’ ಎಂದು ಒಳಗೊಳಗೇ ಕೇಳುವುದೇ ನನ್ನ ಕೆಲಸವಾಗಿದೆ.

ಫೋನ್ ಮಾಡಲಿಲ್ಲವೆಂದು ಮುನಿಸಿಕೊಳ್ಳಬೇಡ. ನಿನ್ನ ಕಿವಿಗೆ ಕೇಳುವ ಹಾಗೆ ಕಿರುಚಿ ಹೇಳಿದರೆ ಇಡೀ ಓಣಿಗೆ ಕೇಳುತ್ತದೆ. ನಾನು ಹೇಳಬೇಕಾಗಿರುವುದು ಈ ಓಣಿಯವರ ಬಗ್ಗೆಯೇ. ಅದಕ್ಕೇ ಕಾಗದ.

ಪುರಸಭೆಯ ಮೆಂಬರ್ ಆಗಬೇಕೆಂದು ನಾನು ಕನಸು ಕಂಡವಳಲ್ಲ, ನಿನಗೆ ಗೊತ್ತು. ಹಳೆಯ ಮೆಂಬರಮ್ಮ ತೀರಿಕೊಂಡು ವಾರ್ಡಿಗೆ ಉಪಚುನಾವಣೆ ಬಂತು. ಚರ್ಚ್ ಓಣಿಯ ಚರಂಡಿ ಈಗಲೂ ನೀನು ಬಿಟ್ಟು ಹೋದ ಹಾಗೆಯೇ ಇದೆ, ಇನ್ನಷ್ಟು ತುಂಬಿದೆ ಅಷ್ಟೇ. ಮೂಗಿಗೆ ಸೆರಗು ಹಿಡಿದು ಕೀರ್ತನೆ ಹಾಡುವ ಸಭೆ ಎಲ್ಲಾದರೂ ಇದ್ದರೆ ಅದು ನಮ್ಮದೇ. ಯಾವ ಪಕ್ಷದ ಹಂಗೂ ಬೇಡವೆಂದು ಪಕ್ಷೇತರಳಾಗಿ ನಿಂತೆ. ಚಿಹ್ನೆ ಹಂಚಿದ ದಿನ ನನ್ನ ಪಾಲಿಗೆ ಬಂದದ್ದು ಹೊಲಿಗೆ ಮಷೀನು! ಇಪ್ಪತ್ತು ವರ್ಷದಿಂದ ಅದನ್ನೇ ತುಳಿಯುತ್ತಿರುವವಳಿಗೆ ಅದೇ ಚಿಹ್ನೆ. ಪುರಸಭೆಯ ಮೆಟ್ಟಿಲ ಮೇಲೆಯೇ ಕಣ್ಣು ಮುಚ್ಚಿ ಸ್ತೋತ್ರ ಹೇಳಿದೆ. ದೇವರೇ ಆರಿಸಿ ಕೊಟ್ಟಿದ್ದಾನೆ ಅಂದುಕೊಂಡೆ. ಈಗ ಆ ಮಷೀನಿನ ಮುಂದೆ ಕುಳಿತರೆ ಮೈ ಉರಿಯುತ್ತದೆ.

ಗೆದ್ದವಳು ಪಲ್ಲವಿ, ರೈಸ್ ಮಿಲ್ಲಿನ ಗಾದಿಲಿಂಗನ ಹೆಂಡತಿ. ಅವರ ಕಡೆಯವರು ಊರಮ್ಮನ ಗುಡಿಯ ಅರಿಸಿನ ಭಂಡಾರ ತಂದು ಮನೆಮನೆಯಲ್ಲಿ ಅಂಗೈಗೆ ಹಾಕಿ ಆಣೆ ಮಾಡಿಸಿದರು. ನಮ್ಮ ಸಭೆಯ ಮನೆಗಳನ್ನೂ ಬಿಡಲಿಲ್ಲ. ಸುಮ್ಮನಿರಲು ನನಗೇನು ಹುಚ್ಚೇ? ಮರುದಿನ ಚರ್ಚಿನ ದೊಡ್ಡ ಸತ್ಯವೇದವನ್ನು ಎದೆಗವಚಿಕೊಂಡು ನಾನೂ ಹೊರಟೆ. ಮನೆಮನೆಯಲ್ಲಿ ಅದರ ಮೇಲೆ ಕೈ ಇಡಿಸಿದೆ. ಎಲ್ಲರೂ ಇಟ್ಟರು. ಕೆಲವರು ಕಣ್ಣೀರು ಹಾಕಿ ಇಟ್ಟರು.

ಒಬ್ಬರು ಮಾತ್ರ ಇಡಲಿಲ್ಲ. ಯಾರು ಅಂತೀಯ? ಪಾಲಪ್ಪ ಮಾಮ. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನೂ ಅವ್ವನನ್ನೂ ತಮ್ಮ ಮನೆಗೆ ಕರೆತಂದು ಸಾಕಿದ ಅದೇ ಪಾಲಪ್ಪ ಮಾಮ. “ಆಣಿ ಇಡಬ್ಯಾಡ ಅಂತ ಯೇಸುಸ್ವಾಮಿನ ಹೇಳ್ಯಾನವ್ವ. ಆ ಮಾತು ಬರೆದಿದ್ದ ಪುಸ್ತಕದ ಮ್ಯಾಲೆ ಆಣಿ ಇಡು ಅಂತೀಯಲ್ಲ, ಹೆಂಗ ಇಡ್ಲಿ?” ಎಂದರು. ಓಣಿಯ ಹೆಂಗಸರೆಲ್ಲ ನೋಡುತ್ತಿದ್ದರು. ನನ್ನ ಮುಖ ಎಲ್ಲಿಡಲಿ?

ಈಗ ಕೇಳು. ನಮ್ಮ ಓಣಿಯ ಬೂತಿನಲ್ಲಿ ನನಗೆ ಬಿದ್ದ ಓಟು ಸತ್ಯವೇದದ ಮೇಲೆ ಕೈ ಇಟ್ಟವರಿಗಿಂತ ಕಡಿಮೆ. ದೊಡ್ಡವರೇ ಆಣೆ ಇಡಲಿಲ್ಲ ಅಂದ ಮೇಲೆ ಉಳಿದವರಿಗೆ ಯಾವ ಭಯ? ಮಾಮ ಆಯುಷ್ಯವಿಡೀ ದುಡಿದದ್ದು ಗಾದಿಲಿಂಗನ ಅಪ್ಪನ ಮಿಲ್ಲಿನ ಬಾಯ್ಲರಿನ ಮುಂದೆ. ಇವತ್ತಿಗೂ ಬೆಳಗಿನ ಚಹಾ ಅಲ್ಲೇ. ಇನ್ನೇನು ಹೇಳಲಿ.

ಮೂರು ದಿನ ಉಪವಾಸ ಮಾಡಿ ಪ್ರಾರ್ಥಿಸಿದ್ದೆ ಅಕ್ಕಾ. ದೇವರಿಗೆ ಚರಂಡಿಯ ವಾಸನೆ ಬರುವುದಿಲ್ಲವೇ?

ನಿನ್ನ ತಂಗಿ
ಸುನಿತಾ


ಸಂಡೂರು
ಜೂನ್ 20

ಸುನೀ,

ಕಾಗದ ಮುಟ್ಟಿತು. ಎರಡು ಸಲ ಓದಿದೆ, ಎರಡು ಸಲವೂ ನಿನ್ನ ಕಿವಿ ಹಿಂಡಬೇಕೆನ್ನಿಸಿತು. ಸತ್ಯವೇದ ಹೊತ್ತುಕೊಂಡು ಓಟು ಕೇಳಲು ಹೋದೆಯಾ? ಅಷ್ಟು ದೊಡ್ಡ ಪುಸ್ತಕ, ಬೆನ್ನಾದರೂ ನೋಯಲಿಲ್ಲವೇ? ನೀನು ಸೋತಿದ್ದು ನನಗೂ ಹೊಟ್ಟೆ ಉರಿಸಿದೆ. ನೀನು ಗೆಲ್ಲಬೇಕಿತ್ತು. ಆ ಓಣಿಗೆ ನಿನ್ನಂಥ ಬಾಯಿಬಡುಕಿಯೇ ಮೆಂಬರ್ ಆಗಬೇಕಿತ್ತು. ಆದರೆ ಮಾಮ ಆಣೆ ಇಡಲಿಲ್ಲವೆಂದು ಅವರನ್ನು ದ್ರೋಹಿ ಮಾಡಿಬಿಟ್ಟೆಯಲ್ಲ, ಅದು ಯಾವ ನ್ಯಾಯ?

ಅವರು ಎಂದಾದರೂ ಆಣೆ ಇಟ್ಟದ್ದು ನೋಡಿದ್ದೀಯಾ? ಕೋರ್ಟಿನಲ್ಲಿ ಸಾಕ್ಷಿಗೆ ನಿಂತಾಗಲೂ “ಹೌದಂದ್ರ ಹೌದ್ರಿ, ಇಲ್ಲಂದ್ರ ಇಲ್ರಿ, ಆಣಿ ಮಾತ್ರ ಬ್ಯಾಡ್ರಿ” ಎಂದು ಜಡ್ಜ್ ಸಾಹೇಬರ ತಲೆ ಕೆಡಿಸಿದ್ದ ಮನುಷ್ಯ. ನೀನೇನು ಜಡ್ಜ್‌ಗಿಂತ ದೊಡ್ಡವಳೇ?

ಇಲ್ಲಿ ಹೇಳಿಕೊಳ್ಳುವ ಹೊಸದೇನಿಲ್ಲ. ಒಗೆದು ಹಾಕಿದ ಬಟ್ಟೆಯ ಮೇಲೆ ಅದಿರಿನ ಲಾರಿಗಳ ಕೆಂಪು ಧೂಳು. ನಿನ್ನ ಭಾವ ಬಿಳಿ ಅಂಗಿ ಹಾಕುವುದನ್ನೇ ಬಿಟ್ಟಿದ್ದಾರೆ. ಕಿವಿಯ ಮಷೀನು ಪ್ರಾರ್ಥನೆಯ ಮಧ್ಯೆ ಸಿಳ್ಳೆ ಹೊಡೆಯುತ್ತದೆ, ಹಿಂದಿನ ಬೆಂಚಿನ ಹುಡುಗಿಯರು ನಗುತ್ತಾರೆ.

ಮಾಮನ ಮನೆಗೆ ಹೋಗಿ ಬಾ. ಏನೂ ಕೇಳಬೇಡ, ಸುಮ್ಮನೆ ಕುಳಿತು ಬಾ.

ಎಸ್ತೇರಮ್ಮ


ಕಂಪ್ಲಿ
ಜುಲೈ 7

ಅಕ್ಕಾ,

ಹೋಗಲಿಲ್ಲ. ಹೋಗುವುದೂ ಇಲ್ಲ. ಜಡ್ಜ್ ಸಾಹೇಬರು ಪರಕೀಯರು, ನಾನು ಮನೆಯ ಮಗಳು. ನನಗೊಂದು ಮಾತು ಕೊಟ್ಟಿದ್ದರೆ ಅವರ ಭಕ್ತಿಗೇನು ಕಡಿಮೆಯಾಗುತ್ತಿತ್ತು?

ನಿನ್ನೆ ತಿಂಗಳ ಮೊದಲ ಭಾನುವಾರ. ಹೊಸಪೇಟೆಯಿಂದ ಸಭಾಪಾಲಕ ಅಯ್ಯನವರು ಕರ್ತನ ಭೋಜನ ನಡೆಸಲು ಬಂದಿದ್ದರು. ನಿಮ್ಮ ಸಂಡೂರಿನಲ್ಲಿ ಸಮಾಧಾನ ಎಂದು ಹೇಳಿ ಒಬ್ಬರಿಗೊಬ್ಬರು ಕೈಮುಗಿದು ಮುಗಿಸುತ್ತೀರಂತೆ. ನಮ್ಮಲ್ಲಿ ಇನ್ನೂ ಹಳೆಯ ಪದ್ಧತಿಯೇ. ರೊಟ್ಟಿ ಮುರಿಯುವ ಮೊದಲು ಅಯ್ಯನವರು ಕೆಳಗಿಳಿದು ಬಂದು, ಸಭೆಯ ಹಿರಿಯರೆಂದು ಪಾಲಪ್ಪ ಮಾಮನ ಕೈಯನ್ನು ತಮ್ಮ ಎರಡು ಅಂಗೈಗಳ ನಡುವೆ ಹಿಡಿದು ಸಮಾಧಾನ ಕೊಡುತ್ತಾರೆ. ಮಾಮ ಅದನ್ನು ಗಂಡಸರ ಮೊದಲ ಬೆಂಚಿಗೆ ಕೊಟ್ಟು, ನಡುವಿನ ದಾರಿ ದಾಟಿ ಬಂದು ಹೆಂಗಸರ ಕಡೆ ಮೊದಲ ಬೆಂಚಿನ ಮೊದಲ ಹೆಂಗಸಿಗೆ ಕೊಡುತ್ತಾರೆ. ಅಲ್ಲಿಂದ ಕೈಯಿಂದ ಕೈಗೆ ಕೊನೆಯ ಬೆಂಚಿನವರೆಗೆ ಹೋಗಬೇಕು. ಆ ಮೊದಲ ಹೆಂಗಸು ಅವ್ವ ಇರುವವರೆಗೆ ಅವ್ವ. ಅವಳ ನಂತರ ನಾನು.

ಮಾಮ ಬಂದು ನನ್ನ ಮುಂದೆ ನಿಂತರು. ಎರಡೂ ಕೈ ಚಾಚಿದರು. ನಾನು ನನ್ನ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಗೋಡೆಯ ಗಡಿಯಾರ ನೋಡಿದೆ.

ಅವರು ಹೋಗಲಿಲ್ಲ ಅಕ್ಕಾ. ಅಲ್ಲೇ ನಿಂತರು. ಅಯ್ಯನವರು ಕೆಮ್ಮಿದರು. ಹಾರ್ಮೋನಿಯಂ ಬಾರಿಸುವವನು ಅದೇ ಸಾಲನ್ನು ಮತ್ತೆ ಮತ್ತೆ ಬಾರಿಸಿದ. ಕೊನೆಗೆ ಮಾಮ ಚಾಚಿದ ಕೈಗಳನ್ನು ಹಾಗೆಯೇ ಹಿಡಿದುಕೊಂಡು ತಮ್ಮ ಜಾಗಕ್ಕೆ ಹೋದರು. ಹೆಂಗಸರ ಕಡೆಗೆ ನಿನ್ನೆ ಸಮಾಧಾನ ಬರಲಿಲ್ಲ.

ಹೊರಗೆ ಬಂದ ಮೇಲೆ ನನ್ನನ್ನು ಸುತ್ತಿಕೊಂಡರು. ದುರುಗವ್ವ ಎಲ್ಲರಿಗಿಂತ ಜೋರು. ನಾಲ್ಕು ವರ್ಷದ ಕೆಳಗೆ ದೀಕ್ಷಾಸ್ನಾನ ತೆಗೆದುಕೊಂಡಳಲ್ಲ, ಗದ್ದೆ ಕೆಲಸದ ದುರುಗವ್ವ, ಕೊನೆಯ ಬೆಂಚಿನಲ್ಲಿ ಕೂರುವವಳು. “ನಿನ್ನ ಓಟಿನ ಸಿಟ್ಟಿಗೆ ನಮ್ಮ ಸಮಾಧಾನ ಯಾಕ ತಡದಿಯವ್ವ? ತಿಂಗಳಿಗೊಮ್ಮೆ ಬರೋದು ಅದು. ನಾಟಿ ಹಚ್ಚಿ ಹಚ್ಚಿ ಸೊಂಟ ಮುರದೈತಿ, ಅದೊಂದಾರ ಇರ್ಲಿ ಅಂತ ಬಂದಿದ್ದೆ” ಎಂದಳು. ನನಗೆ ತಡೆಯಲಾಗಲಿಲ್ಲ. “ಸತ್ಯವೇದ ಮುಟ್ಟಿ ಸುಳ್ಳಾಡಿದವರಿಗೆ ಎಂಥ ಸಮಾಧಾನ?” ಎಂದೆ. ಎಲ್ಲರೂ ಚಪ್ಪಲಿ ಹುಡುಕತೊಡಗಿದರು.

ನನ್ನದು ತಪ್ಪು ಎಂದು ಬರೆಯುವೆಯಾದರೆ ಬರೆಯಲೇಬೇಡ.

ಸುನಿತಾ


ಸಂಡೂರು
ಜುಲೈ 13

ಸುನೀ,

ನಿನ್ನದು ತಪ್ಪು.

ಸಿಟ್ಟಿದ್ದರೆ ಮಾಮನ ಮನೆಗೆ ಹೋಗಿ ಪಾತ್ರೆ ಎತ್ತಿಹಾಕಬೇಕಿತ್ತು. ಅವರ ಕೈಯಲ್ಲಿದ್ದದ್ದು ಅವರದಲ್ಲ, ನಿನ್ನದೂ ಅಲ್ಲ. ದುರುಗವ್ವನಿಗೆ ತಲುಪಬೇಕಾದದ್ದನ್ನು ನೀನು ಮೊದಲ ಬೆಂಚಿನಲ್ಲೇ ಕುಳಿತು ತಡೆದೆ. ಅದಕ್ಕೆ ಯಾವ ಓಟಿನ ಅಧಿಕಾರವೂ ಸಾಲದು.

ನೆನಪಿದೆಯಾ? ಸಣ್ಣವರಿದ್ದಾಗ ನಾವಿಬ್ಬರೂ ಕೊನೆಯ ಬೆಂಚಿನ ಕೊನೆಯಲ್ಲಿ ಕೂರುತ್ತಿದ್ದೆವು. ನಾನು ನಿನಗೆ ಸಮಾಧಾನ ಕೊಡುತ್ತಿದ್ದೆ. ನಿನ್ನ ಆಚೆ ಯಾರೂ ಇಲ್ಲ. “ನಾ ಯಾರಿಗೆ ಕೊಡ್ಲಿ?” ಎಂದು ನೀನು ಜೋರಾಗಿ ಅತ್ತುಬಿಟ್ಟಿದ್ದೆ, ಇಡೀ ಸಭೆ ತಿರುಗಿ ನೋಡಿತ್ತು. ಮಾಮ ಬಂದು ನಿನ್ನನ್ನು ಎತ್ತಿಕೊಂಡು ಬಾಗಿಲಿಗೆ ಹೋಗಿ, “ಕಡೀ ಮಂದಿ ಹೊರಗ ಒಯ್ಯಬೇಕವ್ವ. ಮೊದಲಿಗೆ ಸಿಕ್ಕವರಿಗೆ ಕೊಡಬೇಕು” ಎಂದರು. ನೀನು ಹೋಗಿ ಸೈಕಲ್ ರಿಪೇರಿ ಮಾಡುತ್ತಿದ್ದವನ ಗ್ರೀಸ್ ಕೈ ಹಿಡಿದುಕೊಂಡು ಬಂದೆ. ಬಿಳಿ ಫ್ರಾಕು ಹಾಳಾಯಿತೆಂದು ಅವ್ವ ಬಡಿದಳು.

ಆ ಹುಡುಗಿ ಎಲ್ಲಿ ಹೋದಳು ಎಂದು ಯೋಚಿಸುತ್ತಾ ಕುಳಿತಿದ್ದೇನೆ. ಅಳು ಬರುತ್ತದೆ, ಜೊತೆಗೆ ಸಿಟ್ಟೂ.

ನಿನ್ನ ಅಕ್ಕ


ಕಂಪ್ಲಿ
ಆಗಸ್ಟ್ 16

ಅಕ್ಕಾ,

ಒಂದು ತಿಂಗಳು ಬರೆಯಲಿಲ್ಲ. ಬರೆಯಬಾರದೆಂದೇ ಬರೆಯಲಿಲ್ಲ. ನೀನೂ ಬರೆಯಲಿಲ್ಲ, ಇರಲಿ.

ಈ ತಿಂಗಳ ಮೊದಲ ಭಾನುವಾರ ನಾನು ನಮ್ಮ ಚರ್ಚಿಗೆ ಹೋಗಲಿಲ್ಲ. ಇವರನ್ನು ಹೊರಡಿಸಿಕೊಂಡು ಹೊಸಪೇಟೆಯಲ್ಲಿ ಹೊಸದಾಗಿ ತೆರೆದಿರುವ ಒಂದು ಪ್ರಾರ್ಥನಾ ಹಾಲ್‌ಗೆ ಹೋದೆ. ಏಸಿ ಇದೆ, ಡ್ರಮ್ ಇದೆ, ನನ್ನ ಹೆಸರು ಕೇಳುವವರು ಯಾರೂ ಇಲ್ಲ. ಅದೇ ಬೇಕಿತ್ತು. ಅಲ್ಲಿನ ಬ್ರದರ್ ಮೈಕ್ ಹಿಡಿದು ಎದ್ದರು. “ನಿಮಗ ಸೋಲಂಬೋದ ಇಲ್ಲ! ಯಾರು ಸೋತಾರ ಅವರ ವಿಶ್ವಾಸದಾಗ ತೂತು ಐತಿ!” ಎಂದು ಒಂದು ಗಂಟೆ ಕೂಗಿದರು. ಪಕ್ಕದವಳು ನನ್ನ ಭುಜ ಹಿಡಿದು “ನಿಮ್ಮ ಜಯ ಸ್ವೀಕರಿಸ್ರಿ ಸಿಸ್ಟರ್” ಎಂದು ಅಲುಗಾಡಿಸಿದಳು. ಅದನ್ನು ಪುರಸಭೆಯವರು ಆಗಲೇ ಬೇರೆಯವರಿಗೆ ಕೊಟ್ಟುಬಿಟ್ಟಿದ್ದಾರೆ ಎಂದು ಹೇಳಬೇಕೆನ್ನಿಸಿತು. ಬಸ್ಸಿನಲ್ಲಿ ಬರುವಾಗ ಇವರು ನಕ್ಕರು. ನಾನು ನಗಲಿಲ್ಲ. ಸೋತದ್ದು ಸಾಲದೆಂದು ಈಗ ನನ್ನ ವಿಶ್ವಾಸದಲ್ಲೂ ತೂತೇ?

ಡ್ಯಾಮಿನ ಗೇಟು ತೆಗೆದು ಹೊಳೆ ತುಂಬಿದೆ. ಗಂಗಾವತಿ ಕಡೆಯ ಸೇತುವೆ ಮುಳುಗಿ ಬಸ್ಸು ನಿಂತಿವೆ. ಚರಂಡಿಯ ನೀರು ಹೋಗಲು ದಾರಿಯಿಲ್ಲದೆ ಓಣಿಗೆಲ್ಲ ಹರಡಿ ಚರ್ಚಿನ ಒಳಗೂ ಬಂತು. ಮೊನ್ನೆ ಕಿಟಕಿಯಿಂದ ನೋಡಿದರೆ, ಮಾಮ ಲುಂಗಿ ಮೇಲೆ ಕಟ್ಟಿಕೊಂಡು ಬಕೆಟ್ಟಿನಲ್ಲಿ ಆ ಹೊಲಸು ನೀರನ್ನು ಹೊರಗೆ ಚೆಲ್ಲುತ್ತಿದ್ದರು. ದುರುಗವ್ವ ಮೊರದಿಂದ ಕೆಸರು ಬಳಿಯುತ್ತಿದ್ದಳು. ಹೋಗಬೇಕೆಂದು ಕಾಲು ಎದ್ದವು. ‘ಗೆದ್ದವಳನ್ನು ಕರೆಯಲಿ, ಅವಳಿಗಲ್ಲವೇ ಓಟು ಹಾಕಿದ್ದು’ ಎನ್ನಿಸಿ ಮತ್ತೆ ಕುಳಿತೆ. ಕುಳಿತೆನೇ ಹೊರತು ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ, ಯಾರದೋ ರವಿಕೆಯ ತೋಳು ತಿರುಗಾಮುರುಗಾ ಹೊಲಿದಿದ್ದೇನೆ.

ಪ್ರಾರ್ಥನೆಗೆ ಕುಳಿತರೆ ಬಾಯಿಗೆ ಬರುವುದು ಬೈಗುಳವೇ. ಯಾರನ್ನು ಬೈಯುತ್ತಿದ್ದೇನೆ ಎಂಬುದೂ ಗೊತ್ತಾಗುತ್ತಿಲ್ಲ.

ಸುನಿತಾ


ಸಂಡೂರು
ಆಗಸ್ಟ್ 29

ಸುನೀ,

ಮೊನ್ನೆ ಮಾಮ ಬಂದಿದ್ದರು. ಹೇಳದೆ ಕೇಳದೆ, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು, ಎರಡು ಬಸ್ಸು ಬದಲಿಸಿ ಬಂದರು. ಆ ವಯಸ್ಸಿಗೆ. ನಿನ್ನ ಹೆಸರು ಎತ್ತುತ್ತಾರೆಂದು ಕಾದೆ. ಊಟ ಮಾಡಿದರು, ನಿನ್ನ ಭಾವನ ಜೊತೆ ಮಳೆಯ ಮಾತಾಡಿದರು, ನನ್ನ ಕಿವಿಯ ಮಷೀನು ಬಿಚ್ಚಿಸಿ ತಿರುವಿ ನೋಡಿದರು. ನಿನ್ನ ಹೆಸರು ಎತ್ತಲಿಲ್ಲ.

ಅಂಗಿಯ ಎದೆಯ ಮೇಲಿನ ಗುಂಡಿ ಕಿತ್ತುಹೋಗಿತ್ತು. ಪಿನ್ನು ಚುಚ್ಚಿಕೊಂಡಿದ್ದರು. “ಕೊಡ್ರಿ ಮಾಮಾ, ಹಾಕಿಕೊಡ್ತೀನಿ” ಎಂದೆ. “ಇರ್ಲಿ ಬಿಡವ್ವ. ಇದು ಸುನಿ ಹೊಲದಿದ್ದ ಅಂಗಿ. ಆಕೀನ ಹಾಕ್ಲಿ” ಎಂದರು. ಪಿನ್ನಿನ ಸುತ್ತ ತುಕ್ಕಿನ ಕಲೆ ಬಿದ್ದಿದೆ. ಎಷ್ಟು ದಿನದಿಂದ ಚುಚ್ಚಿಕೊಂಡಿದ್ದಾರೋ.

ಬಸ್ಸು ಹತ್ತಿಸಿ ಬಂದು ಬಾಗಿಲು ಹಾಕಿಕೊಂಡು ಅತ್ತೆ. ನಿಮ್ಮಿಬ್ಬರ ಹಟಕ್ಕೆ ಬೆಂಕಿ ಬೀಳಲಿ.

ಎಸ್ತೇರಮ್ಮ


ಕಂಪ್ಲಿ
ಸೆಪ್ಟೆಂಬರ್ 21

ಅಕ್ಕಾ,

ಈ ಕಾಗದವನ್ನು ಕುಳಿತು ಓದು. ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಗುರುವಾರ ಮಧ್ಯಾಹ್ನ ದುರುಗವ್ವ ಬಂದಳು. ಮೊಮ್ಮಗಳ ಲಂಗ ಹೊಲಿಸಬೇಕಂತೆ. ಅಳತೆ ಕೊಟ್ಟ ಮೇಲೂ ಎದ್ದು ಹೋಗಲಿಲ್ಲ. ನೀರು ಕೇಳಿದಳು, ಕೊಟ್ಟೆ. ಎಲೆ ಅಡಿಕೆ ಹಾಕಿಕೊಂಡಳು. ಆಮೇಲೆ ಯಾವುದೋ ಹಬ್ಬದ ಅಡುಗೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು: “ನಾ ನಿನಗ ಹಾಕಿಲ್ಲವ್ವ.”

ಕತ್ತರಿ ಕೈಯಲ್ಲಿತ್ತು, ಕೆಳಗಿಟ್ಟೆ. “ಸತ್ಯವೇದ ಮುಟ್ಟಿದ್ದಿಯಲ್ಲ ದುರುಗವ್ವ?” ಎಂದೆ.

“ಮುಟ್ಟಿದ್ದೆ. ಅದರ ಮುಂಚಿನ ದಿನ ಊರಮ್ಮನ ಭಂಡಾರನೂ ಮುಟ್ಟಿದ್ದೆ. ಅವರು ಬಾಗಿಲಿಗೆ ಬಂದು ಕೈಯಾಗ ಹಾಕಿದ್ರು, ಒಲ್ಲೆ ಅನ್ನಾಕ ಆಗ್ಲಿಲ್ಲ. ಎರಡು ಆಣಿ ಆದ್ವು, ಇರೋದು ಒಂದ ಓಟು. ರಾತ್ರೆಲ್ಲ ಎಣಿಕಿ ಹಾಕಿದೆ. ಊರಮ್ಮ ಬಿಡಾಕಿ ಅಲ್ಲ, ಮನಿತನಕ ಬಂದು ಕೇಳ್ತಾಳ. ಯೇಸಪ್ಪ ಆದ್ರ ಕ್ಷಮಿಸ್ತಾನ. ಅದಕ ಅವರಿಗೆ ಹಾಕಿದೆ.”

ನಾನು ಬಟ್ಟೆ ಮಡಚತೊಡಗಿದೆ. ಅವಳು ನಿಲ್ಲಿಸಲಿಲ್ಲ.

“ನಾನೊಬ್ಬಾಕಿ ಅಲ್ಲವ್ವ, ನಮ್ಮ ಸಾಲಿನಾಗ ಭಾಳ ಮಂದಿ ಹಂಗ ಮಾಡ್ಯಾರ. ಎಲ್ಲಾರೂ ಪ್ರಾರ್ಥನಿ ಮಾಡಿ ಕ್ಷಮಾ ಕೇಳ್ಕೊಂಡೀವಿ. ಆತ ಕ್ಷಮಿಸ್ಯಾನ. ನೀನ ಕ್ಷಮಿಸಿಲ್ಲ, ಅದಕ ಬಂದೆ.”

ಅಕ್ಕಾ, ನಗಬೇಕೋ, ಆ ಎಲೆ ಅಡಿಕೆಯ ಚೀಲ ಎತ್ತಿ ಬೀದಿಗೆ ಎಸೆಯಬೇಕೋ ತಿಳಿಯಲಿಲ್ಲ. ಸತ್ಯವೇದವನ್ನು ಎದೆಗವಚಿಕೊಂಡು ಬಿಸಿಲಲ್ಲಿ ತಿರುಗಿದೆನಲ್ಲ, ಅದರಿಂದಲೇ ಸೋತೆನೇ? ಬರಿಗೈಯಲ್ಲಿ ಹೋಗಿ ‘ಅವ್ವಾ, ಚರಂಡಿ ತೆಗೆಸ್ತೀನಿ, ಓಟು ಹಾಕು’ ಎಂದಿದ್ದರೆ ಹಾಕುತ್ತಿದ್ದಳೋ ಏನೋ. “ಹೋಗು ದುರುಗವ್ವ, ಲಂಗ ಸೋಮವಾರ ಕೊಡ್ತೀನಿ” ಎಂದಷ್ಟೇ ಹೇಳಿದೆ.

ಸಂಜೆ ನೆಟ್ಟಗೆ ಮಾಮನ ಮನೆಗೆ ಹೋದೆ. ಮೂರು ತಿಂಗಳ ನಂತರ. ಕಟ್ಟೆಯ ಮೇಲೆ ಕುಳಿತು ಚರ್ಚಿನ ಗಂಟೆಯ ಹಗ್ಗ ನೀವುತ್ತಿದ್ದರು. “ಬಾರವ್ವ, ಕುಂದ್ರು” ಎಂದರು, ನಿನ್ನೆಯಷ್ಟೇ ಬಂದು ಹೋದವಳಿಗೆ ಹೇಳುವ ಹಾಗೆ. ಕೂರಲಿಲ್ಲ. ನಿಂತೇ ಕೇಳಿದೆ. “ಮಾಮಾ, ದುರುಗವ್ವ ಎಲ್ಲಾ ಹೇಳ್ಯಾಳ. ಆಣಿ ಇಟ್ಟವರು ಯಾರಿಗೆ ಹಾಕ್ಯಾರ ಅಂತ ಗೊತ್ತಾತು. ಆಣಿ ಇಡದೋರು ನೀವೊಬ್ರ. ನೀವು ಯಾರಿಗೆ ಹಾಕಿದ್ರಿ?”

ಹೇಳಿಬಿಟ್ಟಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ‘ನಿನಗೇ ಅವ್ವಾ’ ಎಂದಿದ್ದರೆ ಕಾಲು ಹಿಡಿಯುತ್ತಿದ್ದೆ. ಅದನ್ನು ಹೇಳಿಸಿಕೊಳ್ಳಲೆಂದೇ ಹೋಗಿದ್ದೆ.

ಅವರು ಹಗ್ಗ ಬದಿಗಿಟ್ಟರು. “ನೀ ಗೆದ್ದಿದ್ರ ಕೇಳ್ತಿದ್ದಿಯೇನು?” ಎಂದರು.

ಅವರೇ ಉತ್ತರವನ್ನೂ ಹೇಳಿದರು.

“ಗೆದ್ದಿದ್ರ, ಹಾಕ್ಯಾನೋ ಇಲ್ಲೋ, ಮಾಮ ಮಾಮನ ಆಗಿರ್ತಿದ್ದ. ಸೋತಿದ್ದಕ ನಾ ಯಾರಂತ ನನ್ನ ಕಡಿಂದ ಬರಸಿಕೊಳ್ಳಾಕ ಬಂದಿ. ನಾ ಹೇಳಂಗಿಲ್ಲವ್ವ.”

ಎಂಥ ಮೊಂಡು ಮನುಷ್ಯ! ಒಂದು ಮಾತು ಅಕ್ಕಾ, ಒಂದೇ ಒಂದು ಮಾತು. ಹೇಳಿದರೆ ಗಂಟೇನು ಹೋಗುತ್ತಿತ್ತು? ಕಟ್ಟೆಯಿಂದ ಇಳಿದು ಬಂದುಬಿಟ್ಟೆ. ಪಿನ್ನು ಇನ್ನೂ ಅಲ್ಲೇ ಇತ್ತು. ನೋಡಿದೆ. ನೋಡಿಯೂ ಬಂದೆ.

ಸುನಿತಾ


ಸಂಡೂರು
ಸೆಪ್ಟೆಂಬರ್ 28

ಸುನೀ,

ದುರುಗವ್ವನ ಮಾತು ಓದಿ ನಕ್ಕೆ. ನಿನ್ನ ಭಾವನಿಗೂ ಓದಿ ಹೇಳಿದೆ, ಅವರು ಚಹಾ ಚೆಲ್ಲಿಕೊಂಡರು. ರಾತ್ರಿ ಹಾಸಿಗೆಯಲ್ಲಿ ಮತ್ತೆ ನೆನಪಾಯಿತು, ಆಗ ನಗು ಬರಲಿಲ್ಲ.

ಒಂದು ಮಾತು ಹೇಳುತ್ತೇನೆ, ಕಾಗದ ಹರಿಯಬೇಡ. ಗಾದಿಲಿಂಗನ ಮನೆಯ ಮುಂದೆ ಹೋಗಿ ನೀನು ಒಂದು ಸಲವಾದರೂ ಕೂಗಾಡಿದೆಯಾ? ಪಲ್ಲವಿಯ ಮುಖ ಕಂಡಾಗ ತಿರುಗಿ ನಿಂತೆಯಾ? ಇಲ್ಲ. ನಿನ್ನ ಸಿಟ್ಟನ್ನೆಲ್ಲ ತಂದು ಸುರಿದದ್ದು ಮಾಮನ ಮೇಲೆ. ಯಾಕೆಂದರೆ ಅವರು ಕೈ ಚಾಚಿಕೊಂಡು ಅಲ್ಲೇ ನಿಂತಿರುತ್ತಾರೆ ಎಂದು ನಿನಗೆ ಗೊತ್ತಿತ್ತು. ಕ್ಷಮಿಸುತ್ತಾನೆಂದು ದುರುಗವ್ವ ಯೇಸಪ್ಪನಿಗೆ ಕೊಟ್ಟ ಮಾತು ಮುರಿದಳು. ನೀನು ಮಾಮನಿಗೆ ಮಾಡಿದ್ದು ಬೇರೆಯೇನು?

ಇಷ್ಟೇ. ಮಂಡಿ ನೋವು, ಬರಲಾಗುತ್ತಿಲ್ಲ. ಬಂದಿದ್ದರೆ ನಿನ್ನನ್ನು ಎಳೆದುಕೊಂಡು ಹೋಗಿ ಕೂರಿಸುತ್ತಿದ್ದೆ.

ಎಸ್ತೇರಮ್ಮ


ಕಂಪ್ಲಿ
ಅಕ್ಟೋಬರ್ 6

ಅಕ್ಕಾ,

ನಿನ್ನ ಕಾಗದ ಹರಿದೆ. ಆಮೇಲೆ ಅಂಟಿಸಿದೆ.

ನಿನ್ನೆ ಮೊದಲ ಭಾನುವಾರ. ಹೋದೆ. ನನ್ನ ಜಾಗ ಖಾಲಿಯಿತ್ತು. ಈ ಎರಡು ತಿಂಗಳೂ ಅಲ್ಲಿ ಯಾರೂ ಕೂರಲಿಲ್ಲವಂತೆ. ಮಾಮ ಆ ಖಾಲಿ ಜಾಗದ ಮುಂದೆ ಬಂದು ನಿಂತು, ಹಾಗೆಯೇ ವಾಪಸಾಗುತ್ತಿದ್ದರಂತೆ. ಅಯ್ಯನವರು ಎರಡನೆಯವಳಿಗೆ ಕೊಡಿರಿ ಎಂದರೆ, “ಆಕಿ ಬರ್ತಾಳ್ರಿ” ಎಂದರಂತೆ. ಹಾಗಾಗಿ ಹೆಂಗಸರ ಕಡೆಗೆ ಮೂರು ತಿಂಗಳಿಂದ ಸಮಾಧಾನವೇ ಬಂದಿಲ್ಲ. ಇದು ನನಗೆ ಗೊತ್ತಿರಲಿಲ್ಲ. ಪಕ್ಕದವಳು ಕೀರ್ತನೆಯ ಮಧ್ಯೆ ಕಿವಿಯಲ್ಲಿ ಹೇಳಿದಳು. ಆ ಹೆಂಗಸರೆಲ್ಲ ನನ್ನನ್ನು ಓಣಿಯಲ್ಲಿ ಕಂಡಾಗ ಮುಖ ತಿರುಗಿಸಿದ್ದಕ್ಕೆ ನಾನು ಓಟಿನ ಲೆಕ್ಕ ಹಾಕುತ್ತಿದ್ದೆ ನೋಡು.

ಮನಸ್ಸು ತಿಳಿಯಾಗಿ ಹೋಗಿದ್ದೆ ಎಂದುಕೊಳ್ಳಬೇಡ. ಸಿಟ್ಟು ಇತ್ತು. ಪಾಪನಿವೇದನೆ ಹೇಳುವಾಗಲೂ ಇತ್ತು. ಪ್ರಸಂಗ ನಡೆಯುವಾಗ ಹನ್ನೊಂದು, ಹನ್ನೊಂದು ಎಂದೇ ತಲೆ ಬಡಿಯುತ್ತಿತ್ತು. ಮಾಮ ದಾರಿ ದಾಟಿ ಬಂದರು. ಕೈ ಚಾಚಿದರು. ಇವರು ನನಗೆ ಹಾಕಿದ್ದರೋ ಇಲ್ಲವೋ, ಕೊನೆಯ ಸಲ ಅವರ ಮುಖದಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ. ನನ್ನನ್ನು ಶಾಲೆಗೆ ಬಿಡಲು ಬರುತ್ತಿದ್ದ ಅದೇ ಮುಖ. ಸೆರಗಿನಿಂದ ಕೈ ತೆಗೆದು ಕೊಟ್ಟೆ.

ಅವರು ಎರಡು ಅಂಗೈ ನಡುವೆ ನನ್ನ ಕೈ ಹಿಡಿದರು. ಬಿಟ್ಟ ಮೇಲೆ ನಾನು ಪಕ್ಕದವಳ ಕಡೆ ತಿರುಗಿ ಕೊಟ್ಟೆ.

ಅಲ್ಲಿಂದ ಅದು ಹೇಗೆ ಹೋಯಿತು ಅಂತೀಯ! ಮೂರು ತಿಂಗಳ ಹಸಿವಿನವರು. ಒಬ್ಬೊಬ್ಬರು ಎಳೆದೆಳೆದು ತೆಗೆದುಕೊಂಡರು. ಹಾಡಿನ ಸಾಲು ಸಾಲದೆ ಹಾರ್ಮೋನಿಯಂನವನು ಮೊದಲಿಂದ ಶುರು ಮಾಡಿದ. ಕೊನೆಯ ಬೆಂಚಿನಲ್ಲಿ ದುರುಗವ್ವ ಅದನ್ನು ಪಡೆದು ಎರಡೂ ಕೈ ಕಣ್ಣಿಗೊತ್ತಿಕೊಂಡಳು. ಆಮೇಲೆ ಕೂರಲಿಲ್ಲ. ಬೆಂಚು ದಾಟಿ ನೇರ ಮುಂದೆ ನಡೆದು ಬಂದು ನನ್ನ ಮುಂದೆ ನಿಂತಳು. “ನನ್ನ ಆಚಿಗೆ ಯಾರಿಲ್ಲವ್ವ. ತಗೋ” ಎಂದು ನನ್ನ ಕೈಗೇ ಕೊಟ್ಟಳು. ಇಡೀ ಸಭೆ ನೋಡುತ್ತಿತ್ತು. ಯಾರ ಆಣೆಯಿಂದ ಸೋತೆನೋ ಅವಳ ಕೈಯಲ್ಲಿ ನನ್ನ ಕೈ. ಕಿತ್ತುಕೊಳ್ಳಬೇಕು ಎನ್ನಿಸಿತು, ಸುಳ್ಳೇಕೆ ಹೇಳಲಿ. ಕಿತ್ತುಕೊಳ್ಳಲಿಲ್ಲ.

ಹಾಗಾದರೆ ಕೊನೆಯವಳು ನಾನೇ ಆದೆ. ಆರಾಧನೆ ಮುಗಿದು ಹೊರಗೆ ಬಂದರೆ ಚರಂಡಿ ಗಬ್ಬು ನಾರುತ್ತಿತ್ತು. ನೀನು ಬರೆದ ಆ ಬಿಳಿ ಫ್ರಾಕಿನ ಕಥೆ ನೆನಪಾಯಿತು. ಮನೆಗೆ ಹೋಗದೆ ರೈಸ್ ಮಿಲ್ಲಿನ ಹಿಂದಿನ ದೊಡ್ಡ ಮನೆಗೆ ಹೋದೆ. ಪಲ್ಲವಿಯೇ ಬಾಗಿಲು ತೆರೆದಳು. ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. “ಏನಾಗಬೇಕಾಗಿತ್ರಿ ಅಕ್ಕಾರ?” ಎಂದಳು. ನಾನು ಅವಳ ಕೈಯನ್ನು ನನ್ನ ಎರಡು ಕೈಗಳಲ್ಲಿ ಹಿಡಿದೆ. ಅವಳಿಗೆ ಏನೂ ಅರ್ಥವಾಗಲಿಲ್ಲ. “ಮೊದಲ ಇದನ್ನ ತಗೋರಿ. ಆಮ್ಯಾಲ ಚರಂಡಿ ಮಾತಾಡೋಣು” ಎಂದೆ. “ಗೆದ್ದಾಗಿಂದ ನಮ್ಮನಿಗೆ ಬರೋರೆಲ್ಲ ಬೈಯಾಕ ಬರ್ತಾರ್ರಿ. ನೀವೂ ಅದಕ ಬಂದ್ರಿ ಅನ್ಕೊಂಡೆ” ಎಂದು ಅತ್ತುಬಿಟ್ಟಳು ಅಕ್ಕಾ. ಎಷ್ಟು ಚಿಕ್ಕ ಹುಡುಗಿ ಗೊತ್ತಾ! ನಾನು ಬೈಯಲೂ ಬಂದಿದ್ದೆ. ಚಹಾ ಕುಡಿದು ಆದ ಮೇಲೆ ಬೈದೆ ಕೂಡ. ಬರುವ ವಾರ ಚರಂಡಿ ತೆಗೆಸದಿದ್ದರೆ ದಿನಾ ಬರುತ್ತೇನೆಂದು ಹೇಳಿದ್ದೇನೆ.

ಇಷ್ಟಾದರೂ ಸೋತದ್ದು ಸೋತದ್ದೇ. ಬೆಳಗ್ಗೆ ಎದ್ದಾಗ ಮೊದಲು ನೆನಪಾಗುವುದು ಅದೇ. ಇವತ್ತೂ ಆಯಿತು. ಆದರೆ ಎದ್ದು ಮಷೀನಿನ ಮುಂದೆ ಕುಳಿತೆ, ದುರುಗವ್ವನ ಮೊಮ್ಮಗಳ ಲಂಗ ಮುಗಿಸಿದೆ. ಅದನ್ನು ಕೊಡಬೇಕಾದ ಸೋಮವಾರ ಎಂದೋ ಕಳೆದಿದೆ.

ಅಷ್ಟರಲ್ಲಿ ಮಾಮ ಬಂದರು. ಬನಿಯನ್ನಿನ ಮೇಲೆ ಟವಲ್ ಹೊದ್ದುಕೊಂಡು, ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು, ನಡು ಓಣಿಯಲ್ಲಿ ಹಾಗೆಯೇ ನಡೆದು ಬಂದಿದ್ದಾರೆ. ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದಾರೆ. ತುಕ್ಕಿನ ಕಲೆ ಹೋಗುವುದಿಲ್ಲ, ಆಗಲೇ ತಿಕ್ಕಿ ನೋಡಿದೆ. ಯಾರಿಗೆ ಓಟು ಹಾಕಿದರೋ ನನಗಿನ್ನೂ ಗೊತ್ತಿಲ್ಲ. ಈಗ ಕೇಳಬಹುದಿತ್ತು, ಅಂಗಿ ನನ್ನ ಕೈಯಲ್ಲೇ ಇದೆ, ಕೊಡದೆ ಸತಾಯಿಸಬಹುದಿತ್ತು. ಕೇಳಲಿಲ್ಲ. ಕಾಗದ ನಿಲ್ಲಿಸುತ್ತೇನೆ, ಸೂಜಿಗೆ ದಾರ ಪೋಣಿಸಬೇಕು.

ನಿನ್ನ ತಂಗಿ
ಸುನಿತಾ